ಸ್ಕ್ಯಾನು ಕಲಿಸಿದ ಮೇಷ್ಟ್ರು, ಸ್ಕ್ಯಾನು ಹೊಕ್ಕ ಆಲೆಮನೆ

ಮೊನ್ನೆ ಸೋಮವಾರ ಬೆಳಗಿನ ಪ್ರೈವೇಟ್ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅತ್ತೆ ಸೊಸೆ ಕೂತಿದ್ದರು. ಸೊಸೆಯ ಕೈಯಲ್ಲಿ ಒಂದು ಲೀಟರಿನ ನೀರಿನ ಬಾಟಲಿ. ಅತ್ತೆ ಬಿಡುತ್ತಿಲ್ಲ. “ಕುಡಿಯವ್ವ ಮಗ, ನೀರ್ ತುಂಬಿದ್ರೇನೆ ಕಾಣದು ಅಂತ ಅಂದವ್ರೆ ಡಾಕ್ಟ್ರು.” ಸೊಸೆ, “ಸಾಕು ಅತ್ತೆ, ಇನ್ನು ತಡಿಯಕ್ಕಾಗಕಿಲ್ಲ” ಅಂತ ಮುಖ ಹಿಂಡಿದಳು. ಕಂಡಕ್ಟರು ಪುಣ್ಯಾತ್ಮ. “ಮುಂದೆ ಹಂಪ್ ಐತೆ, ಗಟ್ಟಿಯಾಗಿ ಹಿಡ್ಕಳ್ರವ್ವ” ಎಂದು ಕೂಗಿ ಹೇಳಿದ.

ಸ್ಕ್ಯಾನಿಂಗ್ ಸೆಂಟರಿನ ಮುಂದೆ ಬಾಟಲಿ ಹಿಡಿದು ಕೂತ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ಈ ನೀರು ಕುಡಿಸುವ ಉಪಾಯ ಯಾರದು ಅಂತ ಯಾರೂ ಕೇಳಿರಲಿಕ್ಕಿಲ್ಲ. ಅದು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಒಬ್ಬ ಪ್ರೊಫೆಸರರದು. ಹೆಸರು ಇಯಾನ್ ಡೊನಾಲ್ಡ್. ಮೂತ್ರಕೋಶ ತುಂಬಿದರೆ ಕರುಳು ಮೇಲಕ್ಕೆ ಸರಿಯುತ್ತದೆ, ಶಬ್ದ ಸಲೀಸಾಗಿ ನೀರಿನ ಮೂಲಕ ಹಾದು ಗರ್ಭಕೋಶ ಮುಟ್ಟುತ್ತದೆ, ಕೆಲವೇ ವಾರದ ಬಸಿರೂ ಕಾಣುತ್ತದೆ ಎಂದು ಅವರು ಕಂಡುಕೊಂಡದ್ದು 1963ರ ಹೊತ್ತಿಗೆ.

ಈ ಡೊನಾಲ್ಡರ ಕಥೆ ಈಗ ಯಾಕಪ್ಪಾ ಅಂದರೆ, ನಮ್ಮ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಅವರ ಯಂತ್ರದಿಂದಲೇ. 2023ರ ನವೆಂಬರಿನಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನು ಇಟ್ಟು ಗಂಡೋ ಹೆಣ್ಣೋ ಹೇಳುತ್ತಿದ್ದ ಜಾಲ ಬಯಲಿಗೆ ಬಂತು. ಬೆಲ್ಲ ಕಾಯಿಸುವ ಜಾಗ ಸ್ವಾಮಿ ಅದು! ಹಿಡಿದದ್ದು ನಮ್ಮವರಲ್ಲ, ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು. ಮೂರು ವರ್ಷದಲ್ಲಿ ಸುಮಾರು 900 ಗರ್ಭಪಾತ ಎಂಬುದು ಆಗ ಪೊಲೀಸರು ಕೊಟ್ಟ ಲೆಕ್ಕ. ಕೇಸು ಸಿಐಡಿಗೆ ಹೋಯಿತು. ತಪ್ಪು ಯಾರದೆಂದು ಹೇಳಬೇಕಾದದ್ದು ನ್ಯಾಯಾಲಯ, ನಾನಲ್ಲ.

ಆದರೆ ಒಂದು ಪ್ರಶ್ನೆ ನನ್ನ ತಲೆ ಕೊರೆಯುತ್ತಿದೆ. ಆಲೆಮನೆಯಲ್ಲಿ ಆ ಕಡ್ಡಿ ಹಿಡಿದ ಕೈಗೆ ಕಲಿಸಿದವರು ಯಾರು?

ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಫಿಸಿಕ್ಸ್ ಪುಸ್ತಕ ಮಾರಿ ಸಿನಿಮಾ ನೋಡಿದವನು. ಆದರೂ ಗೊತ್ತಾದಷ್ಟು ಹೇಳುತ್ತೇನೆ. ಡೊನಾಲ್ಡ್ ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ಡಾಕ್ಟರಾಗಿದ್ದವರು. ರೇಡಾರು, ಸಮುದ್ರದಡಿಯ ಸಬ್‌ಮೆರೀನ್ ಹುಡುಕುವ ಸೋನಾರು ಇವೆಲ್ಲ ಅವರ ಕಿವಿಗೆ ಬಿದ್ದಿದ್ದವು. 1954ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹೆರಿಗೆ ಶಾಸ್ತ್ರದ ಪ್ರೊಫೆಸರರಾದರು. ಪಕ್ಕದ ರೆನ್‌ಫ್ರೂದಲ್ಲಿ ಬಾಯ್ಲರ್ ಮಾಡುವ ಬಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಾರ್ಖಾನೆ. ಅಲ್ಲಿ ಬೆಸುಗೆಯಲ್ಲಿ ಬಿರುಕಿದೆಯೋ ಇಲ್ಲವೋ ನೋಡಲು ಶಬ್ದದ ಯಂತ್ರ ಇಟ್ಟಿದ್ದರು. 1955ರ ಜುಲೈನಲ್ಲಿ ಈ ಪ್ರೊಫೆಸರು ಆಪರೇಷನ್ ಮಾಡಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಅಲ್ಲಿಗೇ ಹೋದರು. ಹೋಲಿಸಿ ನೋಡಲು ಕಾರ್ಖಾನೆಯವರು ಒಂದು ದೊಡ್ಡ ಮಾಂಸದ ತುಂಡು ತರಿಸಿಟ್ಟಿದ್ದರು. ಗಟ್ಟಿ ಗಡ್ಡೆಯ ಪ್ರತಿಧ್ವನಿ ಒಂದು ಥರ, ನೀರು ತುಂಬಿದ ಗಡ್ಡೆಯದು ಇನ್ನೊಂದು ಥರ. ಅಂಗಡಿಯವರು ತೆಂಗಿನಕಾಯಿ ಬಡಿದು ನೋಡಿ ಎಳನೀರೋ ಕೊಬ್ಬರಿಯೋ ಹೇಳುತ್ತಾರಲ್ಲ, ಹೆಚ್ಚೂಕಮ್ಮಿ ಅದೇ ಲೆಕ್ಕ.

ಟಾಮ್ ಬ್ರೌನ್ ಎಂಬ ಎಳೆ ವಯಸ್ಸಿನ ಎಂಜಿನಿಯರು ಅಲ್ಲಿನ ಕೆಲ್ವಿನ್ ಹ್ಯೂಸ್ ಕಂಪನಿಯ ನೌಕರ. ಯಾರೋ ಡಾಕ್ಟರು ಲೋಹ ಪರೀಕ್ಷೆಯ ಯಂತ್ರವನ್ನು ಮನುಷ್ಯರ ಮೇಲೆ ಪ್ರಯೋಗಿಸುತ್ತಿದ್ದಾರೆ ಎಂದು ಕೇಳಿ, ತಾನೇ ಫೋನು ಮಾಡಿ ಹುಡುಕಿಕೊಂಡು ಹೋದ. ಜಾನ್ ಮ್ಯಾಕ್‌ವಿಕರ್ ಎಂಬ ಕಿರಿಯ ಡಾಕ್ಟರು ಜೊತೆಯಾದರು. ನಗುವವರು ನಕ್ಕರು. ಹೊಟ್ಟೆ ಕೈಯಿಂದ ಮುಟ್ಟಿ ನೋಡಿದರೆ ಸಾಲದೆ, ಅದಕ್ಕೊಂದು ಯಂತ್ರ ಬೇರೆ ಕೇಡು ಅಂದರು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದಳು. ಹೊಟ್ಟೆಯಲ್ಲಿ ಕ್ಯಾನ್ಸರು, ಆಪರೇಷನ್ನಿಗೂ ಮೀರಿದೆ ಎಂದು ಕೈಬಿಟ್ಟ ಕೇಸು. ಯಂತ್ರ ಬೇರೆಯೇ ಹೇಳಿತು: ಇದು ಅಂಡಾಶಯದ ದೊಡ್ಡ ನೀರುಗಡ್ಡೆ. ತೆಗೆದರು, ಆಕೆ ಬದುಕಿದಳು. 1958ರ ಜೂನ್ 7ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೂವರ ಹೆಸರಲ್ಲಿ ಲೇಖನ ಬಂತು. ಡೊನಾಲ್ಡ್ ಮೊದಲು, ಮ್ಯಾಕ್‌ವಿಕರ್ ನಡುವೆ, ಯಂತ್ರ ಕಟ್ಟಿದ ಬ್ರೌನ್ ಕೊನೆಗೆ. ಕಂಪನಿ ಹುಡುಗರ ಹೆಸರು ಎಲ್ಲಿದ್ದರೂ ಕೊನೆಗೇ ಬರುತ್ತದೆ ಅನ್ನಿ.

ನನಗೆ ದೊಡ್ಡದು ಅನ್ನಿಸಿದ್ದು ಇದರ ಮುಂದಿನ ಭಾಗ. ಆ ಮನುಷ್ಯ ಯಂತ್ರ ಸಿಕ್ಕಿತೆಂದು ಕೂರಲಿಲ್ಲ, ಕೈ ತಯಾರು ಮಾಡಿದರು. 1964ರಲ್ಲಿ ತೆರೆದ ಕ್ವೀನ್ ಮದರ್ ಆಸ್ಪತ್ರೆ ಒಂದು ಪಾಠಶಾಲೆಯೇ ಆಯಿತು. ವಿಲಕ್ಸ್ ಎಂಬವರು ಮಗುವಿನ ತಲೆ ಅಳೆಯುವುದನ್ನು ಹಿಡಿದರು, ಸ್ಟುವರ್ಟ್ ಕ್ಯಾಂಬೆಲ್ ಅದನ್ನು ಪಕ್ಕಾ ಮಾಡಿದರು, 1973ರಲ್ಲಿ ಹ್ಯೂ ರಾಬಿನ್ಸನ್ ಮಗುವಿನ ಉದ್ದ ಅಳೆದು ಬಸಿರಿಗೆ ಎಷ್ಟು ದಿನ ಎಂದು ಹೇಳುವ ಕ್ರಮ ಕೊಟ್ಟರು. ಇವತ್ತು ನಿಮ್ಮ ಮನೆ ಹೆಣ್ಣುಮಗಳ ರಿಪೋರ್ಟಿನಲ್ಲಿ ‘ಡ್ಯೂ ಡೇಟ್’ ಅಂತ ಬರೆದಿರುತ್ತಾರಲ್ಲ, ಅದರ ಬೇರು ಅಲ್ಲಿದೆ. ಡೊನಾಲ್ಡ್ 1976ರಲ್ಲಿ ನಿವೃತ್ತರಾದರು, 1987ರಲ್ಲಿ ತೀರಿಕೊಂಡರು. ಗರ್ಭಪಾತಕ್ಕೆ ಕಡು ವಿರೋಧಿ. ಬ್ರಿಟನ್ನಿನ 1967ರ ಕಾನೂನಿನ ವಿರುದ್ಧ ಬಹಿರಂಗವಾಗಿ ನಿಂತವರು. ಆ ವಿಷಯದಲ್ಲಿ ಅವರನ್ನು ಒಪ್ಪಲೇಬೇಕೆಂದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಅವರ ಯಂತ್ರ ನಮ್ಮ ಆಲೆಮನೆಯಲ್ಲಿ ಯಾತಕ್ಕೆ ಬಳಕೆಯಾಯಿತೆಂದು ನೋಡಿದ್ದರೆ ಆ ಮುದುಕ ಏನಂದುಕೊಳ್ಳುತ್ತಿದ್ದರೋ.

ಹೆಣ್ಣೋ ಗಂಡೋ ಹೇಳುವುದು ಈ ವಿದ್ಯೆಯಲ್ಲಿ ತೀರಾ ಕೆಳಗಿನ ಮೆಟ್ಟಿಲು. ಹೃದಯದ ತೂತು, ಬೆನ್ನುಹುರಿಯ ದೋಷ, ಮಾಸು ಅಡ್ಡ ಕೂತಿದೆಯೇ, ಮಗು ಬೆಳೆಯುತ್ತಿದೆಯೇ ಅಂತ ಹೇಳಲಿಕ್ಕೆ ವರ್ಷಗಟ್ಟಲೆ ಗುರುವಿನ ಪಕ್ಕ ನಿಂತು ಕಲಿಯಬೇಕು. ಪುಸ್ತಕ ಓದಿ ಬರುವುದಲ್ಲ, ಈಜಿನ ಹಾಗೆ. ನಮ್ಮಲ್ಲಿ ರೇಡಿಯಾಲಜಿ ಎಂಡಿ ಮೂರು ವರ್ಷ. ಬರೀ ಎಂಬಿಬಿಎಸ್ ಆದವರು ಬಸುರಿಯರ ಸ್ಕ್ಯಾನು ಮಾಡಬೇಕಾದರೆ ಆರು ತಿಂಗಳು, 300 ಗಂಟೆಯ ತರಬೇತಿ ಎಂದು ಕೇಂದ್ರ ಸರಕಾರ 2014ರಲ್ಲಿ ನಿಯಮ ತಂದಿತು. 2016ರಲ್ಲಿ ದಿಲ್ಲಿ ಹೈಕೋರ್ಟು ಅದನ್ನು ಹೊಡೆದು ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಬ್ರಿಟನ್ನಿನಲ್ಲಿ ಡಾಕ್ಟರಲ್ಲದ, ಅದಕ್ಕೆಂದೇ ಓದಿದ ಸೋನೋಗ್ರಾಫರುಗಳೇ ಬಸುರಿಯರ ಸ್ಕ್ಯಾನು ಮಾಡುತ್ತಾರೆ. ನಮ್ಮ ಕಾನೂನು ಅದಕ್ಕೆ ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಆಲೆಮನೆಯಂಥವೇ. ಒಬ್ಬ ಕಳ್ಳನ ದೆಸೆಯಿಂದ ಊರಿಗೆಲ್ಲ ಬೀಗ.

ಕಾಗದದ ಮೇಲೆ ಕಾನೂನು ಗಟ್ಟಿಯಾಗಿಯೇ ಇದೆ. 1994ರಲ್ಲಿ ಬಂದು, 1996ರ ಜನವರಿ 1ರಿಂದ ಜಾರಿಯಾಗಿ, 2003ರಲ್ಲಿ ಬಿಗಿಯಾಯಿತು. ನೋಂದಣಿಯಿಲ್ಲದವರಿಗೆ ಯಂತ್ರ ಮಾರುವಂತಿಲ್ಲ. ಪ್ರತಿ ಬಸುರಿಗೂ ‘ಎಫ್’ ಫಾರಂ ತುಂಬಬೇಕು. ಮೊದಲ ತಪ್ಪಿಗೆ ಮೂರು ವರ್ಷದವರೆಗೆ ಜೈಲು. ಇಷ್ಟಿದ್ದೂ ಯಂತ್ರ ಗಾಣದ ಪಕ್ಕ ಕೂತಿತು ಅಂದರೆ ಏನರ್ಥ? ನೆಟ್ಟಗಿರುವ ಡಾಕ್ಟರು ಫಾರಂನಲ್ಲಿ ಒಂದು ಕಾಲಂ ಬಿಟ್ಟರೂ ಹೆದರಬೇಕು. ಫಾರಮ್ಮೇ ಇಲ್ಲದವನನ್ನು ಹುಡುಕುವವರಿಲ್ಲ.

ಇನ್ನು ನಮ್ಮ ಮಾತು. ಅಂಗಡಿ ನಡೆಸುವ ನಿಮಗೆ ನಾನು ಹೇಳಬೇಕೆ, ಗಿರಾಕಿ ಇಲ್ಲದೆ ಯಾವ ಅಂಗಡಿಯೂ ನಡೆಯುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣು ಕರ್ನಾಟಕದಲ್ಲಿ 1991ರಲ್ಲಿ 960 ಇತ್ತು. 2001ಕ್ಕೆ 946, 2011ಕ್ಕೆ 948. ಈ ಗಿರಾಕಿಗಳೇನು ಹೊರಗಿಂದ ಬಂದವರಲ್ಲ. ಇದೇ ಬಸ್ಸಿನಲ್ಲಿ ನಮ್ಮ ನಿಮ್ಮ ಪಕ್ಕ ಕೂತವರು.

ಆ ಅತ್ತೆ ಸೊಸೆ ಆಸ್ಪತ್ರೆ ಸ್ಟಾಪಿನಲ್ಲಿ ಇಳಿದರು. ಬಾಟಲಿ ಖಾಲಿಯಾಗಿತ್ತು. ಏನು ನೋಡಿಸಲು ಹೊರಟರೆಂದು ನಾನು ಕೇಳಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ. ಕೇಳಬೇಕಾದವರನ್ನು ಕೇಳಿದ್ದೇನೆ: ಜಿಲ್ಲೆಯಲ್ಲಿ ನೋಂದಣಿಯಾದ ಸ್ಕ್ಯಾನು ಎಷ್ಟು, ಕೆಟ್ಟಿದೆ ಎಂದೋ ಮಾರಿದ್ದೇವೆ ಎಂದೋ ಲೆಕ್ಕದಿಂದ ಕೈಬಿಟ್ಟ ಹಳೇ ಯಂತ್ರ ಎಷ್ಟು, ಅವು ಈಗ ಯಾರ ಕೈಲಿವೆ, ಕಡೇ ಸಲ ಯಾವಾಗ ತಪಾಸಣೆ ಆಯಿತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಒಂಬತ್ತು ದಿನ ಆಯಿತು. ಗಡುವು ಮೂವತ್ತು ದಿನ. ಉತ್ತರ ಬಂದ ಸಂಜೆ ಇದೇ ಕಾಲಮ್ಮಿನಲ್ಲಿ ಅಚ್ಚು ಹಾಕುತ್ತೇನೆ, ಬರದಿದ್ದರೆ ಬರಲಿಲ್ಲ ಅಂತಲೂ ಅಚ್ಚು ಹಾಕುತ್ತೇನೆ.