ಸಾಠ್ ಕಬರಿನ ದೆವ್ವ

ವಿಜಯಪುರದ ಸಾಠ್ ಕಬರಿಗೆ ಹೊರಟಾಗ, ‘ಹೊತ್ತು ಮುಳುಗೂದ್ರಾಗ ಬಂದುಬಿಡ್ರಿ, ಅಲ್ಲಿ ಹೆಣ್ಮಕ್ಕಳು ಅಳೂದು ಕೇಳಸ್ತದ’ ಎಂದು ಒಬ್ಬರು ನನ್ನನ್ನು ಎಚ್ಚರಿಸಿದರು. ನನಗೆ ಕಂಡದ್ದು ಸಾಲುಸಾಲು ಕಪ್ಪುಕಲ್ಲಿನ ಗೋರಿಗಳು, ಕೇಳಿದ್ದು ಗಾಳಿ.

1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫ್ಜಲ್ ಖಾನನಿಗೆ ‘ನೀನು ಮರಳಿ ಬರಲಾರೆ’ ಎಂದು ಜ್ಯೋತಿಷಿ ನುಡಿದನಂತೆ. ಅದನ್ನು ನಂಬಿ ಖಾನನು ತನ್ನ ಅರವತ್ತಕ್ಕೂ ಹೆಚ್ಚು ಹೆಂಡಿರನ್ನು ಕೊಂದನಂತೆ. ಇದು ಐತಿಹ್ಯ, ಅವನು ಪ್ರತಾಪಗಡದಲ್ಲಿ ಮಡಿದದ್ದು ಇತಿಹಾಸ.

ಐತಿಹ್ಯ ನಿಜವಾಗಿದ್ದರೆ, ಆ ತಾಯಂದಿರನ್ನು ಬಲಿ ಪಡೆದದ್ದು ಭವಿಷ್ಯದ ಮೇಲಿನ ಕುರುಡು ನಂಬಿಕೆ, ಹೆಣ್ಣು ತನ್ನ ಸೊತ್ತೆಂಬ ಅಹಂಕಾರ. ಗೋರಿಗೆ ಅಂಜುವ ನಾವು ಅದೇ ನಂಬಿಕೆಯನ್ನು ಮನೆಯಲ್ಲಿ ಸಾಕಿಕೊಂಡಿದ್ದೇವೆ. ಬಸವಣ್ಣನವರ ಬಾಗೇವಾಡಿ ಇರುವುದೂ ಇದೇ ಜಿಲ್ಲೆಯಲ್ಲಿ.

ಶರಣ ಬಂಧುಗಳೇ, ಮಗಳ ಜಾತಕ ಹಿಡಿದು ಜ್ಯೋತಿಷಿಯ ಬಾಗಿಲಿಗೆ ಹೋಗುವ ಮುನ್ನ ಒಮ್ಮೆ ಸಾಠ್ ಕಬರಿಗೆ ಹೋಗಿ ಬನ್ನಿ.