ತೆಂಗಿನ ಸೀಮೆಯ ತರುಣರಿಗೆ ಯಾವ ಕೆಲಸ?

ತೆಂಗಿನ ಮರದಲ್ಲಿ ಇಂದು ಬಿರಿಯುವ ಹೊಂಬಾಳೆಯ ಮೊಳಕೆ ಸುಮಾರು 32 ತಿಂಗಳ ಹಿಂದೆಯೇ ಮರದ ಸುಳಿಯೊಳಗೆ ಮೂಡಿರುತ್ತದೆ. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಇನ್ನೂ 12 ತಿಂಗಳು ಬೇಕು. ಹೀಗೆ ಒಂದು ಗೊನೆಯ ಹುಟ್ಟಿನಿಂದ ಕೊಯ್ಲಿನವರೆಗೆ ಒಟ್ಟು 44 ತಿಂಗಳು. ಈ ಅವಧಿಯ ಯಾವ ಹಂತದಲ್ಲಿ ಬರ ಬಿದ್ದರೂ ಫಸಲಿಗೆ ಪೆಟ್ಟು ತಪ್ಪದು. ಆದರೆ ಪೆಟ್ಟು ಕಣ್ಣಿಗೆ ಕಾಣುವುದು ವರ್ಷ ಎರಡು ವರ್ಷ ಕಳೆದ ಮೇಲೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರವು ಸಾರಿತು. ಅಂಥ ಬರ ಕಳೆದು ಮಳೆ ಮರಳಿದರೂ ತೋಟದ ಇಳುವರಿ ಕೂಡಲೆ ಮರಳದಿರುವುದಕ್ಕೆ ಕಾರಣ ಇದೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯ ಮನೆಗಳಲ್ಲಿ ಅಟ್ಟದ ಮೇಲಿನ ಕೊಬ್ಬರಿಯೆಂದರೆ ಮಕ್ಕಳ ಕಾಲೇಜಿನ ಶುಲ್ಕ, ಮದುವೆಯ ಖರ್ಚು, ಸಾಲದ ಕಂತು. ಆದುದರಿಂದ ವಾಯುಗುಣದ ಬದಲಾವಣೆಯೆಂಬುದು ಇಲ್ಲಿಯ ವಿದ್ಯಾರ್ಥಿಗೆ ದೂರದ ಧ್ರುವಪ್ರದೇಶದ ಸಮಾಚಾರವಲ್ಲ. ಉಷ್ಣತೆಯು ಒಂದು ಡಿಗ್ರಿ ಸೆಲ್ಷಿಯಸ್ ಏರಿದರೆ ಗಾಳಿಯು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲುದು. ಸುರಿದಾಗ ಒಮ್ಮೆಲೆ ಸುರಿಯುವ, ಬಿಟ್ಟಾಗ ನೆಲದ ಪಸೆಯನ್ನೆಲ್ಲ ಹೀರುವ ಪ್ರವೃತ್ತಿ ಇದರಿಂದ ಬಲಗೊಳ್ಳುತ್ತದೆ. ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದ ತೋಟಕ್ಕೆ ಇವೆರಡೂ ಕೇಡು.

ಇದನ್ನು ಓದಿದ ವಿದ್ಯಾರ್ಥಿಯು, “ಇಷ್ಟು ದೊಡ್ಡ ಕೇಡಿಗೆ ನಾನೊಬ್ಬ ಏನು ಮಾಡಲಾದೀತು?” ಎಂದು ಕೇಳುವುದು ಸಹಜ. ಅವನಿಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ಒಂದು ಸಸಿಯನ್ನು ನೆಡು ಎಂಬುದು ಒಂದು; ಬೀದಿಗಿಳಿದು ಘೋಷಣೆ ಕೂಗು ಎಂಬುದು ಇನ್ನೊಂದು. ಎರಡಕ್ಕೂ ಅವುಗಳ ಸ್ಥಾನ ಉಂಟು. ಆದರೆ ಎಲ್ಲರೂ ಒಂದೇ ಕೆಲಸವನ್ನು ಮಾಡಬೇಕೆಂಬ ಭಾವನೆ ಎರಡರಲ್ಲಿಯೂ ಅಡಗಿದೆ. ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕು. ಹಲವರು ಕೂಡಿ ಮಾಡಬೇಕಾದ ಕಾರ್ಯದಲ್ಲಿ ಯಾರ ಕೈಯೂ ತಾಗದೆ ಉಳಿದ ಭಾಗ ಯಾವುದು, ಅದಕ್ಕೆ ನಾವು ತಕ್ಕವರೆ ಎಂದು ಕೇಳಿಕೊಳ್ಳಬೇಕು.

ನಮ್ಮ ಹಿರಿಯರ ಕೆರೆಗಳನ್ನು ನೋಡಿರಿ. ನೀರುಗಂಟಿಯು ತೂಬನ್ನು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದನು. ರೈತರು ಹೂಳನ್ನೆತ್ತಿ ಹೊಲಕ್ಕೆ ಸಾಗಿಸುತ್ತಿದ್ದರು. ಏರಿಯ ಬಿರುಕನ್ನು ಗುರುತಿಸುವುದು ಒಬ್ಬರ ಕೆಲಸವಾದರೆ, ಜಗಳ ತೀರಿಸುವುದು ಮತ್ತೊಬ್ಬರದು. ಎಲ್ಲರೂ ತೂಬಿನ ಬಳಿಯೇ ನಿಂತಿದ್ದರೆ ಏರಿ ಎಂದೋ ಒಡೆಯುತ್ತಿತ್ತು.

ಈ ಕಾಲದ ನಿದರ್ಶನವೊಂದು ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಗೇ ಸಂಬಂಧಿಸಿದುದು. ಅಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಗಣಿಗಳಿವೆ. ರಾಜ್ಯದ ಅಕ್ರಮ ಗಣಿಗಾರಿಕೆಯ ವಿರುದ್ಧ ಎಸ್. ಆರ್. ಹಿರೇಮಠರ ‘ಸಮಾಜ ಪರಿವರ್ತನ ಸಮುದಾಯ’ವು 2009ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು ವರದಿಯನ್ನೂ 2011ರ ಜುಲೈನಲ್ಲಿ ಇನ್ನೊಂದನ್ನೂ ಸಲ್ಲಿಸಿದ್ದರು. ಆ ತನಿಖೆಯಲ್ಲಿ ಅರಣ್ಯ ಸೇವೆಯ ಅಧಿಕಾರಿ ಯು. ವಿ. ಸಿಂಗ್ ಅವರು ಹೆಚ್ಚಿನ ಹೊರೆ ಹೊತ್ತಿದ್ದರು. ನ್ಯಾಯಾಲಯವು 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದು, ಆಗಸ್ಟ್ 26ರಂದು ಆ ಆಜ್ಞೆಯನ್ನು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಆಮೇಲೆ ಗಣಿಗಳ ಮೇರೆಗಳನ್ನು ಅಳೆದು, ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಅವನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದುವು. ಉಳಿದವು ಕಟ್ಟುಪಾಡಿಗೆ ಒಳಪಟ್ಟುವು.

ಈ ವೃತ್ತಾಂತದಲ್ಲಿ ಅರ್ಜಿ ಬರೆದವರು, ವಾದಿಸಿದವರು, ಕಡತ ಓದಿದವರು, ಬಿಸಿಲಿನಲ್ಲಿ ಗುಡ್ಡ ಹತ್ತಿ ಮೇರೆ ಅಳೆದವರು ಬೇರೆ ಬೇರೆ. ಸರಪಳಿಯಿಲ್ಲದ ವಕೀಲನೂ ವಕೀಲನಿಲ್ಲದ ಸರಪಳಿಯೂ ಇಲ್ಲಿ ನಿಷ್ಪ್ರಯೋಜಕ. ಇನ್ನೊಂದು ಮಾತನ್ನೂ ಮರೆಯಲಾಗದು. ಗಣಿ ನಿಂತಾಗ ಗಣಿಯನ್ನೂ ಲಾರಿಯನ್ನೂ ನಂಬಿದ್ದ ಕೂಲಿಕಾರರ ಅನ್ನಕ್ಕೆ ಪೆಟ್ಟು ಬಿದ್ದಿತು. ಅವರ ಬದುಕಿಗೆ ಬೇರೆ ದಾರಿ ಹುಡುಕುವುದೂ ಚಳವಳಿಯ ಒಂದು ಪಾತ್ರವೇ. ಅದನ್ನು ವಹಿಸಿಕೊಳ್ಳುವವರು ಎಲ್ಲೆಡೆಯೂ ವಿರಳ.

ತೋಟದ ಕೀಟಗಳೂ ಇದೇ ಪಾಠವನ್ನು ಹೇಳುತ್ತವೆ. ಕಪ್ಪು ತಲೆ ಹುಳು ಗರಿಯ ಅಡಿಯಲ್ಲಿ ನೂಲಿನ ಗೂಡು ಕಟ್ಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ. ತೋಟ ಬೆಂಕಿ ತಗುಲಿದಂತೆ ಕಾಣುತ್ತದೆ. ಅದರ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ‘ಗೋನಿಯೋಜಸ್’ ಎಂಬ ಪುಟ್ಟ ಕಣಜವನ್ನು ಪ್ರಯೋಗಾಲಯಗಳಲ್ಲಿ ಬೆಳೆಸಿ ತೋಟಗಳಲ್ಲಿ ಬಿಡುತ್ತಾರೆ. ಒಬ್ಬನು ಕಣಜವನ್ನು ಬಿಟ್ಟು ನೆರೆಯವನು ಸುಮ್ಮನಿದ್ದರೆ, ಹುಳುವಿನ ಪತಂಗ ಬೇಲಿ ದಾಟಿ ಮತ್ತೆ ಬರುತ್ತದೆ. ಇಲ್ಲಿ ಕಣಜದಷ್ಟೇ ಮುಖ್ಯನಾದವನು ಹತ್ತು ತೋಟದವರನ್ನು ಒಂದೇ ವಾರದಲ್ಲಿ ಒಪ್ಪಿಸಬಲ್ಲವನು. ಆ ಗುಣಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲದಿರಬಹುದು, ಊರಿನಲ್ಲಿ ಬೆಲೆಯುಂಟು.

ಹಾಗಾದರೆ ವಿದ್ಯಾರ್ಥಿಯು ತನ್ನ ಪಾತ್ರವನ್ನು ಆರಿಸಿಕೊಳ್ಳುವುದು ಹೇಗೆ? ಲೆಕ್ಕದಲ್ಲಿ ಆಸಕ್ತಿಯುಳ್ಳವನು ಊರಿನ ಮಳೆಯನ್ನೂ ತೆರೆದ ಬಾವಿಯ ನೀರಿನ ಆಳವನ್ನೂ ತಪ್ಪದೆ ಬರೆದಿಡಲಿ. ಬರೆಯಬಲ್ಲವನು 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಕೆರೆಯ ಒತ್ತುವರಿಯ ವಿವರವನ್ನು ಕೇಳಲಿ. ಮಾತುಬಲ್ಲವಳು ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಲಿ. ಕೈಕೆಲಸದವನು ಗರಿಯನ್ನೂ ಮಟ್ಟೆಯನ್ನೂ ಸುಡದೆ ಪಾತಿಯಲ್ಲಿ ಹೂಳಿ ತೋರಿಸಲಿ. ನಾರುಪುಡಿಯು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡಬಲ್ಲುದು. ಓದು ಮುಗಿಸಿ ಬೆಂಗಳೂರಿಗೆ ಹೊರಟವನನ್ನು ಊರು ಬಿಟ್ಟವನೆಂದು ಹಳಿಯಬೇಕಾಗಿಲ್ಲ. ಅವನು ಎಂಜಿನಿಯರನಾಗಿಯೋ ಅಧಿಕಾರಿಯಾಗಿಯೋ ಕುಳಿತೆಡೆಯಲ್ಲಿ ಊರಿನ ನೀರನ್ನು ನೆನೆದು ನಿರ್ಧಾರ ಮಾಡಿದರೆ ಅದೂ ಪಾತ್ರವೇ.

ಅತ್ಯಂತ ಕಠಿಣವಾದ ಪಾತ್ರ ಮನೆಯೊಳಗಿನದು. ತಂದೆಯವರು ಸಾಲ ಮಾಡಿ ಇನ್ನೊಂದು ಕೊಳವೆಬಾವಿ ಕೊರೆಯಿಸಲು ಹೊರಟಾಗ ಮಗನೋ ಮಗಳೋ ಏನು ಹೇಳಬೇಕು? ಮರ ಒಣಗುವುದನ್ನು ನೋಡುತ್ತಿರುವ ಹಿರಿಯರಿಗೆ ಉಪದೇಶ ಹಿಡಿಸದು. ಆದರೆ ಹಿಂದಿನ ಬಾವಿ ವಾರಕ್ಕೆ ಎಷ್ಟು ಗಂಟೆ ನೀರೆತ್ತಿತು, ತಿಂಗಳಿಂದ ತಿಂಗಳಿಗೆ ಅದು ಹೇಗೆ ಇಳಿಯಿತು ಎಂಬ ಲೆಕ್ಕವನ್ನು ವಿನಯದಿಂದ ಮುಂದಿಟ್ಟರೆ ಕೇಳಿಯಾರು. ಕೇಳದಿದ್ದರೂ ಲೆಕ್ಕ ಉಳಿಯುತ್ತದೆ. ನೆರೆಯವರು ಅದನ್ನು ಕೇಳಿಕೊಂಡು ಬಂದಾರು.

“ವಾಯುಮಂಡಲವನ್ನು ಹೆಚ್ಚಾಗಿ ಕೆಡಿಸಿದವರು ಸಿರಿವಂತ ದೇಶಗಳವರು; ಹೊಣೆ ನಮಗೇಕೆ?” ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ನ್ಯಾಯವಿದೆ. ಭಾರತೀಯನೊಬ್ಬನ ಪಾಲಿನ ಇಂಗಾಲದ ಹೊಗೆ ಇಂದಿಗೂ ಪ್ರಪಂಚದ ಸರಾಸರಿಗಿಂತ ಕಡಿಮೆ. ಆದುದರಿಂದ ಮಟ್ಟೆ ಹೂಳಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ನಾವು ಹೇಳುವುದಿಲ್ಲ. ಸರ್ಕಾರಗಳನ್ನೂ ದೊಡ್ಡ ಉದ್ಯಮಗಳನ್ನೂ ಪ್ರಶ್ನಿಸುವುದೂ ಕರ್ತವ್ಯವೇ. ಆದರೆ ತನ್ನ ಊರಿನ ಲೆಕ್ಕವನ್ನು ಕೈಯಲ್ಲಿ ಹಿಡಿದು ಕೇಳುವವನ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ.

ತರುಣರಲ್ಲಿ ನಮ್ಮ ಬೇಡಿಕೆ ಇಷ್ಟೆ. ಒಂದು ಕೆಲಸವನ್ನು ಆರಿಸಿಕೊಳ್ಳಿರಿ. ಅದರ ಪಕ್ಕದ ಕೆಲಸವನ್ನು ಮಾಡುವವರು ಯಾರೆಂದು ತಿಳಿದು ಅವರೊಡನೆ ಸೇರಿರಿ. ಮೂರು ನಾಲ್ಕು ವರ್ಷವಾದರೂ ಅದನ್ನು ಬಿಡದೆ ನಡೆಸಿರಿ. ಒಂದು ಗೊನೆಗೇ 44 ತಿಂಗಳು ಬೇಕಾಗುವ ನಾಡಿನಲ್ಲಿ ಇದು ಹೆಚ್ಚಿನ ಕಾಲವೇನೂ ಅಲ್ಲ.