ಸಾಕುನಾಯಿ ಜಗಳಕ್ಕೆ ವಾರ್ಡಿನಲ್ಲೇ ಒಂದು ಬಾಗಿಲು ಬೇಕು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಾಕುನಾಯಿಯ ವಿಷಯಕ್ಕೆ ಅಕ್ಕಪಕ್ಕದವರ ನಡುವೆ ಮಾತು ಬೆಳೆದರೆ ಹೋಗಲು ಇರುವ ಜಾಗಗಳು ಎರಡೇ: ನಿವಾಸಿಗಳ ಸಂಘ, ಇಲ್ಲವೇ ಪೊಲೀಸ್ ಠಾಣೆ. ಸಂಘದವರು ತಮಗಿಲ್ಲದ ಅಧಿಕಾರ ಚಲಾಯಿಸಿ ‘ನಾಯಿಗಳಿಗೆ ಲಿಫ್ಟ್ ಪ್ರವೇಶವಿಲ್ಲ’ ಎಂದು ನೋಟಿಸ್ ಅಂಟಿಸುತ್ತಾರೆ. ಠಾಣೆಯಲ್ಲಿ ‘ನೀವು ನೀವೇ ಕೂತು ಮಾತಾಡಿಕೊಳ್ಳಿ’ ಎಂದು ಹೇಳಿ, ಹೆಚ್ಚೆಂದರೆ ಒಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಜಗಳ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಇನ್ನಷ್ಟು ಕೆಡುತ್ತದೆ. ಇದಕ್ಕೆಲ್ಲ ಕಾನೂನಿನ ಕೊರತೆಯೇ ಕಾರಣ ಎಂದು ನಂಬಿರುವವರು ಬಹಳ. ನನ್ನ ವಾದ ಬೇರೆ. ಕಾನೂನು ಸಾಕಷ್ಟಿದೆ, ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಒಪ್ಪಿದ್ದನ್ನು ಬರೆಸಿ, ತಿಂಗಳ ನಂತರ ಅದು ಪಾಲನೆಯಾಗಿದೆಯೇ ಎಂದು ಮತ್ತೆ ವಿಚಾರಿಸುವ ಒಂದು ವ್ಯವಸ್ಥೆ ವಾರ್ಡ್ ಮಟ್ಟದಲ್ಲಿ ಇಲ್ಲ. ಅದನ್ನು ಕಟ್ಟುವುದು ನಗರ ಪಾಲಿಕೆಗಳ ಕೆಲಸ.

ಇಲ್ಲಿಯವರೆಗೆ ನಮ್ಮ ಆಡಳಿತ ಹಿಡಿದಿದ್ದು ಲೆಕ್ಕ ಮತ್ತು ತಳಿಯ ದಾರಿ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು ಎಂಬ ಮಿತಿ ಹಾಕಿ ಬೈಲಾ ತಂದಿತು. ವಿರೋಧ ಬಂದ ಮೇಲೆ ಹಿಂದಕ್ಕೆ ಪಡೆಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಭಿಪ್ರಾಯವನ್ನೇ ಕೇಳಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಸಂಘಗಳ ನಿಷೇಧಕ್ಕೂ ಬಲವಿಲ್ಲ. ಬಹುಮತದ ನಿರ್ಣಯ ಮಾಡಿದರೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅಂಥ ಬೈಲಾ ಕಾನೂನುಬಾಹಿರ ಎಂದು ಕೇರಳ ಹೈಕೋರ್ಟ್ 2021ರಲ್ಲಿ ಸಾರಿದೆ. ತಳಿ ನಿಷೇಧ ಜಾರಿಯಾಗಿ ಉಳಿದ ಕಡೆಯೂ ಫಲ ಕಂಡಿಲ್ಲ. ಬ್ರಿಟನ್ 1991ರಲ್ಲಿ ಪಿಟ್‌ಬುಲ್ ಸೇರಿದಂತೆ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು, ಆದರೆ ನಾಯಿ ಕಚ್ಚಿ ಆಸ್ಪತ್ರೆ ಸೇರುವವರ ಸಂಖ್ಯೆ ಅಲ್ಲಿ ಏರುತ್ತಲೇ ಹೋಯಿತು. ಸಾಕಿದವರ ನಡವಳಿಕೆಯನ್ನು ಮುಟ್ಟದ ನಿಯಮದಿಂದ ನೆರೆಯವರಿಗೆ ನೆಮ್ಮದಿ ಸಿಗುವುದಿಲ್ಲ.

ಅತಿ ಸಾಮಾನ್ಯವಾದ ದೂರೊಂದನ್ನೇ ಹತ್ತಿರದಿಂದ ನೋಡೋಣ. ಮನೆಯವರಿಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡುತ್ತಾರೆ, ಲ್ಯಾಬ್ರಡಾರ್ ಬಾಲ್ಕನಿಯಲ್ಲಿ ಉಳಿಯುತ್ತದೆ. ಕೆಳಗೆ ಡೆಲಿವರಿಯವರ ಬೈಕ್ ಬಂದರೆ, ಎದುರಿನ ಸಜ್ಜೆಯ ಮೇಲೆ ಪಾರಿವಾಳ ಕೂತರೆ, ಗೇಟಿನಾಚೆ ಬೀದಿನಾಯಿ ಹಾದುಹೋದರೆ ಅದು ಬೊಗಳುತ್ತದೆ. ಪಕ್ಕದ ಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು ಮಲಗಿರುತ್ತಾರೆ, ಇಲ್ಲವೇ ಹಸುಗೂಸಿರುತ್ತದೆ. ಸಂಜೆ ಯಜಮಾನರು ಬಂದ ಮೇಲೆ ನಾಯಿ ಅವರ ಕಾಲ ಬಳಿ ಸುಮ್ಮನೆ ಮಲಗುತ್ತದೆ. ಹಾಗಾಗಿ ‘ನಮ್ಮ ನಾಯಿ ಬೊಗಳುವುದೇ ಇಲ್ಲ’ ಎಂದು ಅವರು ಹೇಳುವುದು ಸುಳ್ಳಲ್ಲ, ಅವರ ಕಿವಿಗೆ ಅದು ಬಿದ್ದೇ ಇಲ್ಲ. ಇಬ್ಬರೂ ಸತ್ಯವನ್ನೇ ಹೇಳುತ್ತಿರುವ ಜಗಳ ಇದು. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45, ಹಗಲು 55 ಡೆಸಿಬಲ್ ಮಿತಿ ಹಾಕಿವೆ. ಆದರೆ ಡೆಸಿಬಲ್ ಅಳೆದ ಮಾತ್ರಕ್ಕೆ ಒಂಟಿತನದಿಂದ ಬೊಗಳುವ ನಾಯಿ ಸುಮ್ಮನಾಗುವುದಿಲ್ಲ. ಒಂದು ವಾರ ಯಾವ ಹೊತ್ತಿಗೆ, ಎಷ್ಟು ನಿಮಿಷ ಬೊಗಳಿತು ಎಂದು ಬರೆದಿಟ್ಟು, ಮೊಬೈಲಿನಲ್ಲಿ ಧ್ವನಿ ಹಿಡಿದು ತೋರಿಸಿದರೆ ಚರ್ಚೆಯ ಧಾಟಿಯೇ ಬದಲಾಗುತ್ತದೆ. ಆಮೇಲೆ ಪಶುವೈದ್ಯರು ಹೇಳುವ ಪರಿಹಾರಗಳು ಸರಳ: ಬಾಲ್ಕನಿ ಬಿಡಿಸಿ ಬೀದಿ ಕಾಣದ ಕೋಣೆಯಲ್ಲಿರಿಸುವುದು, ಹೊರಡುವ ಮುನ್ನ ದಣಿಯುವಷ್ಟು ನಡೆಸುವುದು, ಮಧ್ಯಾಹ್ನ ಒಮ್ಮೆ ಯಾರಾದರೂ ಬಂದು ಹೊರಗೆ ಕರೆದೊಯ್ಯುವುದು. ಇದನ್ನು ಯಾವ ಎಫ್‌ಐಆರ್ ಕೂಡ ಮಾಡಿಸಲಾರದು.

ಇಂಥ ವೇದಿಕೆಯ ಮಾದರಿ ನಮ್ಮ ಕಾನೂನಿನಲ್ಲೇ ಇದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ 20ನೇ ನಿಯಮದ ಪ್ರಕಾರ, ಬೀದಿನಾಯಿಗಳಿಗೆ ಊಟ ಹಾಕುವ ವಿಷಯದಲ್ಲಿ ನಿವಾಸಿಗಳ ಸಂಘಕ್ಕೂ ಊಟ ಹಾಕುವವರಿಗೂ ತಕರಾರು ಬಂದರೆ ಪ್ರಾಣಿ ಕಲ್ಯಾಣ ಸಮಿತಿ ರಚಿಸಬೇಕು. ಪಶುವೈದ್ಯಾಧಿಕಾರಿ, ಪೊಲೀಸ್ ಪ್ರತಿನಿಧಿ, ಪ್ರಾಣಿ ಕಲ್ಯಾಣ ಸಂಸ್ಥೆಯವರು, ಸಂಘದವರು, ದೂರು ಕೊಟ್ಟವರು ಎಲ್ಲರಿಗೂ ಅದರಲ್ಲಿ ಜಾಗವಿದೆ. ಬೀದಿಯ ನಾಯಿಗೆ ಸಿಕ್ಕ ಈ ಅನುಕೂಲ ಮನೆಯ ನಾಯಿಗೆ ಯಾಕೆ ಸಿಗಬಾರದು? 2023ರ ಮಧ್ಯಸ್ಥಿಕೆ ಕಾಯ್ದೆಯೂ ನೆರೆಹೊರೆಯ ಶಾಂತಿ ಕೆಡಿಸುವ ವ್ಯಾಜ್ಯಗಳನ್ನು ಪರಸ್ಪರ ಒಪ್ಪಿಗೆಯ ಮೇಲೆ ಮೂವರ ಮುಂದೆ ಬಗೆಹರಿಸಿಕೊಳ್ಳುವ ಸಮುದಾಯ ಮಧ್ಯಸ್ಥಿಕೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ.

ಇದೂ ಹಲ್ಲಿಲ್ಲದ ಇನ್ನೊಂದು ಸಮಿತಿಯಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಮುದಾಯ ಮಧ್ಯಸ್ಥಿಕೆಯ ಒಪ್ಪಂದ ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿಯಾಗುವುದಿಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ. ಆದ್ದರಿಂದಲೇ ಒಪ್ಪಂದವನ್ನು ನಾಯಿಯ ಪರವಾನಗಿಗೆ ಜೋಡಿಸಬೇಕು. ರೇಬಿಸ್ ಲಸಿಕೆಯ ದಾಖಲೆ ಇಲ್ಲದೆ ಪರವಾನಗಿ ಸಿಗಬಾರದು. ಸಮಿತಿಯ ಮುಂದೆ ಒಪ್ಪಿ ಸಹಿ ಹಾಕಿದ್ದನ್ನು ಮತ್ತೆ ಮತ್ತೆ ಮುರಿದವರಿಗೆ ನವೀಕರಣದ ವೇಳೆ ದಂಡ ಬೀಳಬೇಕು. ಶುಲ್ಕ ಕಡಿಮೆಯಿದ್ದು, ವಾರ್ಡಿನಲ್ಲೇ ಲಸಿಕೆ ಶಿಬಿರದ ದಿನ ಅರ್ಜಿ ತೆಗೆದುಕೊಂಡರೆ ಜನ ತಾವಾಗಿ ನೋಂದಾಯಿಸುತ್ತಾರೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಕಚ್ಚಿಸಿಕೊಂಡವರು ಸಮಿತಿಯ ಮುಂದೆ ಕೂರಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಕಚ್ಚಿದ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು, ದೂರು ನೇರ ಠಾಣೆಗೆ ಹೋಗಬೇಕು. ಪ್ರಾಣಿಯ ವಿಷಯದಲ್ಲಿ ಅಜಾಗರೂಕತೆ ತೋರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ನೋಯ್ಡಾದಲ್ಲಿ 2023ರಿಂದ ಗಾಯಗೊಂಡವರ ಚಿಕಿತ್ಸೆಯ ಖರ್ಚಿನ ಜೊತೆಗೆ 10,000 ರೂಪಾಯಿ ದಂಡದ ನಿಯಮವಿದೆ. ಚಿಕಿತ್ಸೆಯ ಖರ್ಚಿನ ಭಾಗವನ್ನಾದರೂ ಬೆಂಗಳೂರು ಅಳವಡಿಸಿಕೊಳ್ಳಬೇಕು. ನಾಯಿ ಸಾಕಿದವರ ಆತಂಕವೂ ನಿಜವೇ. ಸಮಿತಿ ಎಂದರೆ ನಾಯಿ ಬೇಡದವರು ಗುಂಪುಗೂಡಿ ಕಿರುಕುಳ ಕೊಡುವ ಜಾಗವಾದೀತು ಎಂಬ ಭಯ ಅವರಿಗಿದೆ, ಅದರಲ್ಲೂ ಬಾಡಿಗೆದಾರರಿಗೆ. ಅದಕ್ಕೆ ಅಂಕುಶ ನಿಯಮದಲ್ಲೇ ಇರಬೇಕು: ನಾಯಿಯನ್ನು ಮನೆಯಿಂದ ಹೊರಹಾಕಿಸುವ ಅಧಿಕಾರ ಸಮಿತಿಗೆ ಇರಕೂಡದು. ಜಗಳ ಕೊಳೆತಷ್ಟೂ ವಿಷ ಹಾಕುವ ಕೈಗಳು ಹುಟ್ಟುತ್ತವೆ. ಸಂಹಿತೆಯ 325ನೇ ಸೆಕ್ಷನ್ ಅದಕ್ಕೆ ಐದು ವರ್ಷದವರೆಗೆ ಸೆರೆ ಇಟ್ಟಿದ್ದರೂ ಸತ್ತ ಪ್ರಾಣಿ ಮರಳುವುದಿಲ್ಲ. ಬೇಗ ಮಾತುಕತೆಗೆ ಕೂರುವುದರಿಂದ ಹೆಚ್ಚು ಲಾಭ ನಾಯಿಗೇ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳಿವೆ. ಸಾಕುಪ್ರಾಣಿ ಬೈಲಾವನ್ನು ಹೊಸದಾಗಿ ಬರೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು. ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ನಾಯಿ ಸಾಕಿದವರ, ಸಾಕದವರ, ಪಶುವೈದ್ಯರ ಆಕ್ಷೇಪಣೆ ಪಡೆದ ಮೇಲೆಯೇ ಅಂತಿಮಗೊಳಿಸಲಿ. ದೂರು ಬಂದ ಹದಿನೈದು ದಿನದೊಳಗೆ ಮೊದಲ ಸಭೆ ಕರೆಯಬೇಕೆಂಬ ಷರತ್ತನ್ನು ಅದರಲ್ಲಿ ಸೇರಿಸಲಿ, ಸಭೆ ಕರೆಯದಿದ್ದರೆ ಯಾವ ಅಧಿಕಾರಿ ಹೊಣೆ ಎಂಬುದನ್ನೂ ನಮೂದಿಸಲಿ.